ಬೇವೂರ ಹುಸೇನಪ್ಪನ ನಾಲ್ಕು ಸಾಲು

ಮೊನ್ನೆ ನಮ್ಮ ಪತ್ರಿಕೆಯ ಗಂಗಾವತಿ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಮನೆಗೆ ಬಂದಿದ್ದರು. ಒಬ್ಬಾಕೆ ಕುಷ್ಟಗಿಯವಳು, ಇನ್ನೊಬ್ಬ ಕೊಪ್ಪಳದವ. ಚಹಾ ಕುಡಿದು, "ಸರ್, ವರದಿ ಬರಿಯೂದು ಹೆಂಗಂತ ಒಂದೀಟು ಹೇಳ್ರಿ" ಅಂದರು. ಬರೆಯುವುದನ್ನು ಈಗ ಕೈಯಲ್ಲಿರುವ ಫೋನೇ ಕಲಿಸುತ್ತದೆ, ಅದಕ್ಕೆ ನಾನು ಯಾಕೆ ಬೇಕು? ನನ್ನ ಹತ್ತಿರ ಇರುವುದು ಬರೆಯುವುದಕ್ಕಿಂತ ಮುಂಚಿನ ಮಾತು. ಹೋಗಿ ಕೂಡುವುದು, ಕೇಳುವುದು. ಅದನ್ನೂ ನಾನು ಕಲಿತದ್ದು ತಪ್ಪು ಮಾಡಿಯೇ. ಅವತ್ತು ಅರ್ಧ ಹೇಳಿದ್ದೆ, ಅಷ್ಟರಲ್ಲಿ ತಹಶೀಲ್ದಾರ ಕಚೇರಿ ಮುಂದೆ ಯಾರೋ ಧರಣಿ ಕೂತಾರೆ ಅಂತ ಫೋನು ಬಂತು, ಚಪ್ಪಲಿ ಮೆಟ್ಟಿಕೊಂಡು ಓಡಿದರು. ಉಳಿದರ್ಧ ಇಲ್ಲಿ ಬರೆದಿಟ್ಟಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಬರೆದ ಹಾಳೆ ಕವರಿಗೆ ಹಾಕಿ, ಮೇಲೆ ಕೆಂಪು ಅಕ್ಷರದಲ್ಲಿ 'ಸುದ್ದಿ, ತುರ್ತು' ಅಂತ ಬರೆದು, ನಾಲ್ಕು ಗಂಟೆಯ ಹುಬ್ಬಳ್ಳಿ ಬಸ್ಸಿನ ಡ್ರೈವರನ ಕೈಗೆ ಕೊಡಬೇಕು. ಅಲ್ಲಿ ಸ್ಟ್ಯಾಂಡಿನಲ್ಲಿ ನಮ್ಮವರು ಇಳಿಸಿಕೊಳ್ಳುತ್ತಿದ್ದರು. ಬಸ್ಸು ಕೆಟ್ಟು ನಿಂತರೆ ಸುದ್ದಿಯೂ ದಾರಿಯಲ್ಲಿ ನಿಂತಿತು. ಆಮೇಲೆ ಫ್ಯಾಕ್ಸ್ ಬಂತು, ಇ-ಮೇಲ್ ಬಂತು, ಈಗ ವಾಟ್ಸ್‌ಆ್ಯಪ್. ನನಗೆ ಮಾತ್ರ ಇವತ್ತಿಗೂ ನಾಲ್ಕು ಗಂಟೆ ಆಯಿತೆಂದರೆ ಕೈ ಕವರು ಹುಡುಕುತ್ತದೆ.

ಆ ನಾಲ್ಕು ಗಂಟೆಯ ಬಸ್ಸೇ ನನ್ನ ಮೊದಲ ಮಾನ ಕಳೆಯಿತು. ಯಲಬುರ್ಗಾದಲ್ಲಿ ಕಬಡ್ಡಿ ಪಂದ್ಯಾವಳಿ, ಫೈನಲ್ ಸಂಜೆಗೆ. ಸೆಮಿಫೈನಲ್ ನೋಡಿದ್ದೆ, ಯಾರು ಗೆಲ್ಲುತ್ತಾರೆ ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. 'ರೋಮಾಂಚಕ ಹೋರಾಟದಲ್ಲಿ' ಅಂತ ಶುರು ಮಾಡಿ, ಗೆದ್ದವರ ಹೆಸರು, ಪ್ರೇಕ್ಷಕರ ಕೇಕೆ, ಎಲ್ಲ ಬರೆದು ನಾಲ್ಕರ ಬಸ್ಸಿಗೇ ಕವರು ಕಳಿಸಿದೆ. ಸಂಜೆ ಆಟ ಶುರುವಾಗುವ ಮುಂಚೆ ಅಂಕಣದ ಗೆರೆ ಎಲ್ಲಿ ಬರಬೇಕು ಅನ್ನುವುದಕ್ಕೇ ಎರಡೂ ತಂಡಗಳು ಜಗಳಕ್ಕೆ ಬಿದ್ದು, ಪಂದ್ಯವೇ ನಡೆಯಲಿಲ್ಲ. ಬಹುಮಾನದ ಕಪ್ ವಾಪಸು ಪಂಚಾಯಿತಿಯ ಬೀರುವಿಗೆ ಹೋಯಿತು. ಮರುದಿನ ಚಹಾದಂಗಡಿಯಲ್ಲಿ ಪೇಪರು ಹಿಡಿದು ಕೂತ ಮಂದಿ ನನ್ನನ್ನು ಕಂಡ ಕೂಡಲೇ ಶುರು ಹಚ್ಚಿಕೊಂಡರು. "ಏ ಶರಣಪ್ಪ, ನೀ ನೋಡಿದ ಪಂದ್ಯ ನಮಗೂ ಒಮ್ಮೆ ತೋರಸಪಾ!"

ಹುಬ್ಬಳ್ಳಿಯಲ್ಲಿ ನಮ್ಮ ಸುದ್ದಿ ವಿಭಾಗದ ಮುಖ್ಯಸ್ಥರು ಜೋಶಿ ಸರ್. ಬೈಯುವವರಲ್ಲ, ಕೂಗುವವರಲ್ಲ. ನಮ್ಮ ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದೇ ಪ್ರಶ್ನೆ ಬರೆದು ಅದೇ ಬಸ್ಸಿಗೆ ವಾಪಸು ಕಳಿಸುತ್ತಿದ್ದರು. 'ಯಾರು ಹೇಳಿದರು?' ಅಷ್ಟೇ. ಕಬಡ್ಡಿ ಸುದ್ದಿ ವಾಪಸು ಬಂದಾಗ ಆ ಪ್ರಶ್ನೆಯ ಕೆಳಗೆ ಎರಡು ಗೆರೆ ಎಳೆದಿದ್ದರು. ಎರಡು ದಿನ ನಾನು ಊಟ ಮಾಡುವಾಗಲೂ ತಾಟಿನಲ್ಲಿ ಆ ಗೆರೆಗಳೇ ಕಾಣುತ್ತಿದ್ದವು.

ನಮ್ಮಜ್ಜಿಯ ವಿಷಯ ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದಿನದಕ್ಕೆ ಅದು ಬೇಕು. ನನಗೆ ಮಾತು ಕಲಿಸಿದ್ದು ಸಾಲಿಯ ಮಾಸ್ತರರಲ್ಲ, ನಮ್ಮಜ್ಜಿ. ಹೇಮಗುಡ್ಡದ ದುರ್ಗಮ್ಮನಿಗೆ ನಡೆದು ಹೋಗುವ ಮಂದಿ ನಮ್ಮ ಮನೆ ಮುಂದೆ ನೀರಿಗೆ ನಿಲ್ಲುತ್ತಿದ್ದರು. ಅಜ್ಜಿ ನೀರು ಕೊಟ್ಟು ಹೆಸರು ಕೇಳುತ್ತಿದ್ದಳು. ಹೆಸರು ಹೇಳಿದ ಮೇಲೆ, "ಆ ಹೆಸರು ಯಾರಿಟ್ರಪಾ?" ಅಂತ ಇನ್ನೊಂದು ಪ್ರಶ್ನೆ. ಅಷ್ಟು ಕೇಳಿದರೆ ಸಾಕು, ಚೊಂಬು ಖಾಲಿಯಾಗುವುದರೊಳಗೆ ಆ ಮನೆತನದ ಕಥೆಯೆಲ್ಲ ಹೊರಗೆ ಬರುತ್ತಿತ್ತು. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದರೆ ಅವನು ತಿಪ್ಪಣ್ಣ. ಮೊಹರಮ್ಮಿನಲ್ಲಿ ಹುಸೇನನ ಹೆಸರಲ್ಲಿ ಕೂಡಿಸಿ ಹೊತ್ತು ಮೆರೆಸುವ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದವನು ಫಕೀರಪ್ಪ, ಹುಸೇನಪ್ಪ. ನಮ್ಮ ಕಡೆ ಹುಸೇನಪ್ಪ ಅಂದರೆ ಹೆಚ್ಚಾಗಿ ಹಿಂದೂಗಳ ಮನೆಯ ಮಗ ಅನ್ನುವುದು ನಮಗೆ ಹೇಳಿಸಿಕೊಳ್ಳದೆ ಗೊತ್ತು. ಹಾಗೆಯೇ ಅಡ್ಡಹೆಸರು. ಬೇವೂರ, ಕುಷ್ಟಗಿ, ಕೊಪ್ಪಳ ಅಂತ ಊರಿನ ಹೆಸರೇ ಮನೆತನದ ಹೆಸರು. ಹೆಸರು ಓದಿದರೆ ಊರು ಗೊತ್ತಾಯಿತು, ಹರಕೆ ಗೊತ್ತಾಯಿತು. ನಾನು ಹಾಗೆ ತಿಳಿದಿದ್ದೆ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಒಂದು ದಿನ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಸಣ್ಣ ಸುದ್ದಿ ಬಂತು. ಹುಸೇನಪ್ಪ ಬೇವೂರ ಅನ್ನುವ ಕೊಪ್ಪಳ ಜಿಲ್ಲೆಯ ಆಟಗಾರ ಗೋವಾದ ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ ಆಯ್ಕೆಯಾಗಿದ್ದಾನೆ, ಅಲ್ಪಸಂಖ್ಯಾತ ಕುಟುಂಬದ ಪ್ರತಿಭೆ ಅಂತ. ಓದಿ ಬಿದ್ದು ಬಿದ್ದು ನಕ್ಕೆ. ಹುಸೇನ್ ಅನ್ನುವುದನ್ನು ಹಿಡಿದು ಆ ಪಟ್ಟಣದ ಮನುಷ್ಯ ಮನೆಯ ಧರ್ಮವನ್ನೇ ಬದಲಿಸಿಬಿಟ್ಟಿದ್ದ! ಕಚೇರಿಯಲ್ಲಿ ಎಲ್ಲರಿಗೂ ಓದಿ ತೋರಿಸಿದೆ. "ಗೊತ್ತಿಲ್ಲದಿದ್ರ ನಮ್ಮನ್ನರ ಕೇಳಬಾರದೇನು?" ಅಂತ ದೊಡ್ಡ ಮಾತು ಆಡಿದೆ. ನಾನೇ ಸರಿಯಾಗಿ ಬರೆಯುತ್ತೇನೆ ಅಂತ ಮರುದಿನವೇ ಬೇವೂರಿಗೆ ಹೊರಟೆ.

ಬೇವೂರಿನಲ್ಲಿ ಹುಸೇನಪ್ಪನ ದೊಡ್ಡಪ್ಪ ಶಿವಪ್ಪ ಸಿಕ್ಕ. ಒಳ್ಳೆಯ ಮನುಷ್ಯ. ಕಟ್ಟೆ ಮೇಲೆ ಕಂಬಳಿ ಹಾಸಿ ಕೂಡಿಸಿ, ಮಂಡಾಳು, ಮಿರ್ಚಿ ಭಜಿ ತರಿಸಿದ.

"ಹುಸೇನಪ್ಪ ನಿಮ್ಮ ಮನಿಯಾಂವನ ಏನ್ರಿ?"

"ನಮ್ಮ ಮನಿಯಾಂವನ್ರಿ ಮತ್ತ. ನಮ್ಮ ತಮ್ಮನ ಮಗ. ತಮ್ಮ ತೀರಿಹೋಗಿ ಭಾಳ ವರ್ಷ ಆತು."

"ಹಂಗಾರ ದೊಡ್ಡಪ್ಪನ ಆಸರದಾಗ ಬೆಳದಾನ ಅನ್ರಿ."

ಶಿವಪ್ಪ ಭಜಿಯ ತಾಟು ನನ್ನ ಕಡೆ ಸರಿಸಿ, "ಹೂಂ, ದೇವರ ಆಸರ" ಅಂದ.

"ಹೆಸರು ನಿಮ್ಮೂರ ಅಲಾಯಿ ಹರಕೀದ ಅಲ್ಲೇನ್ರಿ?"

"ಹೌದ್ ಹೌದು. ಹರಕೀದ ಇರಬೇಕು."

"ಸಣ್ಣಂವ ಇದ್ದಾಗ ಇಲ್ಲೇ ಎರಿ ಹೊಲದ ಕರಿ ಮಣ್ಣಾಗ ಓಡ್ಯಾಡಿ ಆಡ್ತಿದ್ನೇನು?"

ಅದಕ್ಕೂ ತಲೆ ಆಡಿಸಿದ. ಆ ಮಾತುಗಳನ್ನು ಈಗ ಓದಿ ನೋಡಿರಿ. ಉತ್ತರಗಳೆಲ್ಲ ನನ್ನವೇ. ಪ್ರಶ್ನೆಯೊಳಗೆ ಉತ್ತರ ಇಟ್ಟು ಕೊಟ್ಟೆ, ಪಾಪ ಆತ ಅದನ್ನೇ ವಾಪಸು ಕೊಟ್ಟ. ನಮ್ಮ ಕಡೆ ಮನೆಗೆ ಬಂದವರ ಮಾತಿಗೆ ಅಲ್ಲ ಅನ್ನುವ ರೂಢಿ ಇಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

ಅರ್ಧ ಪುಟ ಬಂತು, ಫೋಟೋ ಸಮೇತ. 'ಬೇವೂರಿನ ಕಪ್ಪು ಮಣ್ಣಿನಿಂದ ಗೋವಾದ ಹಸಿರು ಅಂಗಳಕ್ಕೆ' ಅಂತ ತಲೆಬರಹ. ದೊಡ್ಡಪ್ಪನ ಆಸರೆಯಲ್ಲಿ ಬೆಳೆದ ಗೋಲುಗಳ ಸರದಾರ ಅಂತ ಬರೆದಿದ್ದೆ. ಆಗಲೂ ಅದೇ ಕುರ್ಚಿಯಲ್ಲಿದ್ದ ಜೋಶಿ ಸರ್ ಫೋನು ಮಾಡಿ, "ಆಟಗಾರನ ಕೂಡ ಮಾತಾಡಿಯಲ್ಲ?" ಅಂತ ಕೇಳಿದ್ದರು. ಫೋನು ಹತ್ತಲಿಲ್ಲ ಸರ್ ಅಂದಿದ್ದೆ. ಒಂದು ಸಲ ಹಚ್ಚಿದ್ದೆ, ಅಷ್ಟೇ. ಬೇವೂರಿನಲ್ಲಿ ಪೇಪರು ಕೈಯಿಂದ ಕೈಗೆ ತಿರುಗಿತು. ಊರವರು ಸೇರಿ, ಬರುವ ಭಾನುವಾರ ಸಾಲಿಯ ಮೈದಾನದಲ್ಲಿ ಸನ್ಮಾನ ಅಂತ ಗೊತ್ತು ಮಾಡಿದರು.

ಬುಧವಾರ ಮಧ್ಯಾಹ್ನ ಫೋನು ಬಂತು. "ಸರ್, ನಮಸ್ಕಾರ್ರಿ. ನಾನು ಹುಸೇನಪ್ಪ."

ನನಗೋ ಖುಷಿ. "ಏನಪಾ ಗೋಲುಗಳ ಸರದಾರ!"

ಆ ಕಡೆ ಸಣ್ಣಗೆ ನಕ್ಕ. "ಸರ್, ನಾನು ಸ್ಟಾಪರ್ ರೀ. ಹಿಂದ ನಿಂತು ತಡಿಯಾಂವ. ಇಲ್ಲೀತನಕ ಹೊಡದದ್ದು ಒಂದ ಗೋಲ್ರಿ. ಅದೂ ತಪ್ಪಿ ನಮ್ಮ ಗೋಲಿನ್ಯಾಗ ಹೋತು." ಆಮೇಲೆ ದನಿ ತಗ್ಗಿಸಿದ. "ಅದು ಹೋಗ್ಲಿ ಬಿಡ್ರಿ. ಅವ್ವ ಭಾಳ ನೊಂದಾಳ್ರಿ. ಬೇವೂರಿಗೆ ಬರೂದಿಲ್ಲ ಅಂತ ಕುಂತಾಳ. ಅವ್ವನ್ನ ಬಿಟ್ಟು ನಾ ಹೋಗಾಂವಲ್ಲ. ಹೋಗಲಿಲ್ಲಂದ್ರ ಅಪ್ಪನ ಊರಿನ ಮಂದಿ ಏನಂದಾರು? ನಮ್ಮ ಮನಿ ಸಿದ್ದಾಪುರದಾಗ ಐತ್ರಿ. ಒಮ್ಮೆ ಬಂದು ಹೋಗ್ರಿ ಸರ್."

ಸಿದ್ದಾಪುರ! ಗಂಗಾವತಿಯಿಂದ ಬೇವೂರಿಗೆ ಹೋದಷ್ಟು ದೂರವೂ ಅಲ್ಲ ಅದು. ನನ್ನ ಕಚೇರಿಯ ಮಗ್ಗುಲಲ್ಲಿದ್ದ ಮನೆ ಬಿಟ್ಟು, ಹೆಸರಿನ ಬೆನ್ನು ಹತ್ತಿ ಹೋಗಿದ್ದೆ.

ಅವತ್ತೇ ಸಂಜೆ ಸಿದ್ದಾಪುರಕ್ಕೆ ಹೋದೆ. ರಸ್ತೆ ಬದಿಗೆ ಒಂದು ಟ್ರ್ಯಾಕ್ಟರ್ ಗ್ಯಾರೇಜು. ಮುಂದೆ ಅಕ್ಕಿ ಗಿರಣಿಯ ಭತ್ತ ಒಣಹಾಕುವ ಸಿಮೆಂಟಿನ ಕಣ, ಅದರಾಚೆ ಕಾಲುವೆ. ಗ್ಯಾರೇಜಿನ ಮಗ್ಗುಲಿಗೆ ಎರಡು ಅಂಕಣದ ಮನೆ. ಅಲ್ಲಿ ಹುಸೇನಪ್ಪನ ತಾಯಿ ಈರಮ್ಮ ಬಾಗಿಲಲ್ಲಿ ಕೂತಿದ್ದಳು. ಗ್ಯಾರೇಜಿನ ರಾಜಾಸಾಬ ಟೈರಿನ ಮೇಲೆ ಕೂತಿದ್ದ, ಬಿಳಿ ಗಡ್ಡ, ಕೈತುಂಬ ಗ್ರೀಸು. ಹುಸೇನಪ್ಪ ನನ್ನನ್ನು ಕರೆದುಕೊಂಡು ಬಂದು ಕುರ್ಚಿ ಹಾಕಿದ. ನಾನು ಕೂಡುವ ಮುಂಚೆಯೇ ಈರಮ್ಮ ಶುರು ಮಾಡಿದಳು.

"ಯಣ್ಣಾ, ನಿಮ್ಮ ಪೇಪರ್ ನನಗ ಓದಾಕ ಬರೂದಿಲ್ಲ. ಮಂದಿ ಓದಿ ಹೇಳಿದ್ರು. ದೊಡ್ಡಪ್ಪನ ಆಸರದಾಗ ಬೆಳದಾನ ಅಂತ ಬರದೀರಂತ. ಗಂಡ ಸತ್ತಾಗ ಇಂವ ನನ್ನ ಹೊಟ್ಟ್ಯಾಗ ಇದ್ದ. ಕಾಲ್ಗುಣ ಛಲೋ ಇಲ್ಲಂತ ಬೇವೂರ ಮನಿ ಹೊಸ್ತಲಾ ದಾಟಗೊಡಲಿಲ್ಲ ಅವ್ರು. ಅವತ್ತ ಇಲ್ಲಿಗೆ ತಿರುಗಿ ಬಂದಾಕಿ, ಇವತ್ತಿನ ತನಕ ಕೆಸರಿನ್ಯಾಗ ನಿಂತು ನಾಟಿ ಹಚ್ಚೇನಿ. ನಿಮ್ಮ ಅರ್ಧ ಪುಟದಾಗ ನನ್ನ ಹೆಸರರ ಐತೇನು?"

ಇರಲಿಲ್ಲ. ತಾಯಿ ಅನ್ನುವ ಶಬ್ದವೇ ಇರಲಿಲ್ಲ.

ತಲೆ ತಗ್ಗಿಸಿ ಕೂತವನಿಗೆ ನಮ್ಮಜ್ಜಿ ನೆನಪಾದಳು. ಕೇಳಬೇಕಾಗಿದ್ದ ಪ್ರಶ್ನೆಯನ್ನು ಅಲ್ಲಿ ಕೇಳಿದೆ. "ಯವ್ವಾ, ಹುಸೇನಪ್ಪ ಅಂತ ಹೆಸರು ಯಾರಿಟ್ರು?"

ಈರಮ್ಮ ರಾಜಾಸಾಬನ ಕಡೆ ಗದ್ದ ತೋರಿಸಿದಳು. "ಕೇಳ್ರಿ, ಅಲ್ಲೇ ಕುಂತಾನ."

ರಾಜಾಸಾಬ ಚಿಂದಿಯಿಂದ ಕೈ ಒರೆಸಿಕೊಂಡ. "ಏನ್ ಹೇಳೂದ್ರಿ ಸಾಹೇಬ್ರ. ದಿನ ತುಂಬದ ಹುಟ್ಟಿದ ಕೂಸು, ಅಂಗೈಯಷ್ಟಿತ್ತು. ಈ ತಂಗಿಗೆ ದವಾಖಾನ್ಯಾಗ ಎಚ್ಚರ ಇಲ್ಲ. ಕೂಸು ನಮ್ಮ ಮನಿಯಾಕಿ ಉಡಿಯಾಗ. ನಾನು ವರ್ಷಾ ಮೊಹರಮ್ಮಿಗೆ ಅಲಾಯಿ ದೇವರು ಹಿಡಿಯಾಂವ. ಈ ಕೂಸು ಉಳೀಲಿ, ನಿನ್ನ ಹೆಸರ ಇಡತೀನಿ ಅಂತ ಬೇಡಿಕೊಂಡ್ನಿ. ಉಳೀತು. ತಂಗಿಗೆ ಎಚ್ಚರಾದ ಮ್ಯಾಲ ಹೇಳಿದ್ನಿ, ಹುಸೇನ ನಮ್ಮಾಂವ, ಅಪ್ಪ ನಿಮ್ಮಾಂವ, ಇಬ್ಬರೂ ಕೂಡಿ ಕಾಯ್ಲಿ ಅಂತ."

ಹರಕೆ ಮುಸಲ್ಮಾನನದು, ಕೂಸು ಹಿಂದೂ ತಾಯಿಯದು. ಇಂಥದ್ದು ಆಗಬಹುದು ಅಂತ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬೆಂಗಳೂರಿನವನು ಗೊತ್ತಿಲ್ಲದೆ ತಪ್ಪಿದ್ದ. ನಾನು ಗೊತ್ತಿದೆ ಅಂತ ತಪ್ಪಿದೆ. ಗೊತ್ತಿಲ್ಲದವನು ಇವತ್ತಲ್ಲ ನಾಳೆ ಕೇಳುತ್ತಾನೆ, ಗೊತ್ತಿದ್ದವನು ಕೇಳುವುದೇ ಇಲ್ಲ.

"ಮತ್ತ ಬೇವೂರ ಅಂತ ಅಡ್ಡಹೆಸರು?"

"ಸಾಲಿಗಿ ಹಚ್ಚುವಾಗ ನಾನ ಹೇಳಿ ಬರಸೀನಿ" ಅಂದಳು ಈರಮ್ಮ. "ಅವರ ಅಪ್ಪ ಮಗನ ಮಾರಿ ನೋಡಲಿಲ್ಲ. ಅವನ ಊರರ ಮಗನ ಹೆಸರಿನ ಕೂಡ ಇರ್ಲಿ ಅಂತ."

ಆಟದ ಕಥೆಯೂ ಅಲ್ಲಿಯೇ ಸಿಕ್ಕಿತು. ರಾಜಾಸಾಬ ಹರೆಯದಲ್ಲಿ ಹೈದರಾಬಾದಿನ ಲಾರಿ ಗ್ಯಾರೇಜಿನಲ್ಲಿದ್ದ. ಅಲ್ಲಿ ಹತ್ತಿದ ಫುಟ್‌ಬಾಲಿನ ಗೀಳು ಇಲ್ಲಿಗೂ ಬಂತು. ಒಡೆದ ಬಾಲಿನ ಬ್ಲ್ಯಾಡರಿಗೆ ಟ್ಯೂಬಿನ ತೇಪೆ ಹಚ್ಚಿ, ಭತ್ತ ತುಂಬಿ ಖಾಲಿಯಾದ ಕಣದಲ್ಲಿ ಓಣಿಯ ಮಕ್ಕಳನ್ನು ಆಡಿಸುತ್ತಿದ್ದ. ಬಾಲು ಕಾಲುವೆಗೆ ಬಿದ್ದರೆ, ಬಿಟ್ಟವನೇ ದಂಡೆಗುಂಟ ಓಡಿ ಹಿಡಿದು ತರಬೇಕು. ಹುಸೇನಪ್ಪ ಸಣ್ಣವ, ಎಲ್ಲರೂ ಕೂಡಿ ಅವನನ್ನು ಕಾಲುವೆಯ ಕಡೆಗೇ ನಿಲ್ಲಿಸುತ್ತಿದ್ದರು. ಓಡಿ ಓಡಿ ಸಾಕಾಗಿ, ಬಾಲು ತನ್ನನ್ನು ದಾಟದ ಹಾಗೆ ತಡೆಯುವುದನ್ನು ಕಲಿತ. ಗೋವಾದ ಕ್ಲಬ್ಬಿಗೆ ಬೇಕಾಗಿದ್ದದ್ದು ಅದೇ. ಈ ಕಥೆಯನ್ನು ಬಿಟ್ಟು ನಾನು ಗೋಲುಗಳ ಸರದಾರ ಅಂತ ಬರೆದಿದ್ದೆನಲ್ಲ!

ಜೋಶಿ ಸರ್‌ಗೆ ಫೋನು ಮಾಡಿ ಎಲ್ಲ ಒಪ್ಪಿಕೊಂಡೆ. ಇನ್ನೊಂದು ಅರ್ಧ ಪುಟ ಕೊಡ್ರಿ ಅಂತ ಬೇಡಿದೆ. "ತಿದ್ದುಪಡಿಗೆ ನಾಲ್ಕು ಸಾಲಷ್ಟ ಶರಣಪ್ಪ, ನಿನಗೂ ಗೊತ್ತೈತಿ. ನಾಲ್ಕು ಸಾಲಿನ್ಯಾಗ ಅಂವ ಯಾರು ಅಂತ ಬರಬೇಕು. ಒಂದ್ ಶಬ್ದಾ ಹೆಚ್ಚಿಲ್ಲ, ಒಂದ್ ಶಬ್ದಾ ಸುಳ್ಳಿಲ್ಲ" ಅಂದರು. ಅರ್ಧ ಪುಟವನ್ನು ಒಂದು ತಾಸಿನಲ್ಲಿ ಬರೆದವನು ಆ ನಾಲ್ಕು ಸಾಲಿಗೆ ಇಡೀ ದಿನ ಕೂತೆ.

'ಆಟಗಾರ ಹುಸೇನಪ್ಪ ಬೇವೂರ ಹುಟ್ಟಿ ಬೆಳೆದದ್ದು ಸಿದ್ದಾಪುರದಲ್ಲಿ. ತಂದೆ ದಿವಂಗತ ಹನಮಂತಪ್ಪ ಬೇವೂರಿನವರು.
ಸಾಕಿ ಬೆಳೆಸಿದವರು ತಾಯಿ ಈರಮ್ಮ, ಭತ್ತದ ನಾಟಿ ಮಾಡಿ.
ಹರಕೆ ಹೊತ್ತು ಹೆಸರಿಟ್ಟವರು, ಆಟ ಕಲಿಸಿದವರು ಗ್ಯಾರೇಜಿನ ರಾಜಾಸಾಬ.
ಹುಸೇನಪ್ಪ ಗೋಲು ಹೊಡೆಯುವವರಲ್ಲ, ತಡೆಯುವವರು. ಹಿಂದಿನ ವರದಿಯ ತಪ್ಪು ವರದಿಗಾರನದು.'

ಶನಿವಾರ ಅಚ್ಚಾಯಿತು. ಮೊದಲ ಬಸ್ಸಿಗೆ ಸಿದ್ದಾಪುರಕ್ಕೆ ಹೋಗಿ ನಾನೇ ಓದಿ ಹೇಳಿದೆ. ಈರಮ್ಮ ಎರಡು ಸಲ ಓದಿಸಿದಳು. "ಖರೇ ಐತಿ" ಅಂದಳು. ಆಮೇಲೆ, "ಇದನ್ನ ಬೇವೂರಾಗ ಎಷ್ಟು ಮಂದಿ ಓದ್ಯಾರ?"

ರಾಜಾಸಾಬ ಪೇಪರು ತೆಗೆದುಕೊಂಡು, ಮೂಲೆಯಲ್ಲಿದ್ದ ಆ ಸಣ್ಣ ಚೌಕವನ್ನು ಹೆಬ್ಬೆರಳಿನಿಂದ ಅಳೆದು ನೋಡಿದ. "ಸಾಹೇಬ್ರ, ನಮ್ಮ ಕೆಲಸದಾಗ ತೇಪಿ ತೂತಿಗಿಂತ ದೊಡ್ಡದಿರಬೇಕ್ರಿ. ನಿಮ್ಮದು ತೂತು ಅರ್ಧ ಪುಟ, ತೇಪಿ ನಾಲ್ಕು ಸಾಲು. ಗಾಳಿ ಹೆಂಗ ನಿಂದರತೈತಿ?"

"ನಾಳೆ ಬರ್ರಿ ಯವ್ವಾ. ಅಷ್ಟೂ ಮಂದಿ ಕಿವಿಗೆ ಮುಟ್ಟಸೂದು ನನ್ನ ಜವಾಬ್ದಾರಿ" ಅಂದುಬಿಟ್ಟೆ.

"ಬರತೀನಿ. ಆದ್ರ ಕೆಳಗ ಕೂಡತೀನಿ. ಆ ಊರ ಮಂದಿ ಖರೇ ಕೇಳಿದ ಮ್ಯಾಲ ನೋಡೂನು" ಅಂದಳು.

ಭಾನುವಾರ ಬೇವೂರಿನ ಸಾಲಿಯ ಮೈದಾನ ತುಂಬಿತ್ತು. ವೇದಿಕೆ ಮೇಲೆ ಹುಸೇನಪ್ಪ, ಮಗ್ಗುಲಿಗೆ ಶಿವಪ್ಪ, ಊರ ಹಿರಿಯರು. ಈರಮ್ಮ ಹೆಣ್ಣುಮಕ್ಕಳ ಸಾಲಿನ ತುದಿಗೆ ಬೇವಿನ ಗಿಡದ ಕೆಳಗೆ ಕೂತಿದ್ದಳು, ಹಿಂದೆ ರಾಜಾಸಾಬ ನಿಂತಿದ್ದ. ಪರಿಚಯ ಮಾಡಿಕೊಡಲು ಸಾಲಿಯ ಮಾಸ್ತರರು ಎದ್ದರು. ಕೈಯಲ್ಲಿ ನನ್ನ ಅರ್ಧ ಪುಟ, ಲ್ಯಾಮಿನೇಷನ್ ಮಾಡಿಸಿದ್ದು! ತಿದ್ದುಪಡಿಯನ್ನು ಆ ಊರಿನಲ್ಲಿ ಒಬ್ಬರೂ ಓದಿರಲಿಲ್ಲ. "ಬೇವೂರಿನ ಕಪ್ಪು ಮಣ್ಣಿನಿಂದ..." ಅಂತ ಮೈಕಿನಲ್ಲಿ ದೊಡ್ಡ ದನಿಯಲ್ಲಿ ಶುರು ಮಾಡಿದರು. ಈರಮ್ಮ ಸೆರಗು ಹೊದ್ದುಕೊಂಡು ಏಳುವುದಕ್ಕೆ ನೆಲಕ್ಕೆ ಕೈ ಊರಿದಳು.

ವರದಿಗಾರ ವೇದಿಕೆಯ ಕೆಳಗೆ ಕೂತು ಬರೆದುಕೊಳ್ಳಬೇಕು, ನಡುವೆ ಬಾಯಿ ಹಾಕಬಾರದು. ಅಷ್ಟು ವರ್ಷ ಪಾಲಿಸಿಕೊಂಡು ಬಂದ ನೇಮ ಅದು. ಎದ್ದು ನಿಂತೆ.

"ಮಾಸ್ತರ, ಜರಾ ತಡೀರಿ. ಆ ಪೇಪರ್‌ನಾಗ ಬರದದ್ದು ತಪ್ಪೈತಿ."

ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಮೈಕಿನಲ್ಲೇ ಕೇಳಿದರು, "ಯಾರು ಹೇಳಿದ್ರು?"

ಕೆಂಪು ಶಾಯಿಯ ಪ್ರಶ್ನೆ, ಇಡೀ ಊರಿನ ಮುಂದೆ. "ಬರದಾಂವ ನಾನ ಅದೀನ್ರಿ" ಅಂದೆ.

ಮಂದಿ ನಕ್ಕರು. ಹಿಂದಿನಿಂದ ಯಾರೋ, "ಕಬಡ್ಡಿ ಶರಣಪ್ಪನ ಏನೋ ಇಂವ?" ಅಂದ. ಯಲಬುರ್ಗಾದ ಕಥೆ ಅಲ್ಲಿಗೂ ಮುಟ್ಟಿತ್ತು! ಹೋಗಿ ಮೈಕು ಹಿಡಿದೆ. ಜೇಬಿನಿಂದ ನಾಲ್ಕು ಸಾಲು ತೆಗೆದು ನಿಧಾನವಾಗಿ ಓದಿದೆ. ಮೂರನೆಯ ಸಾಲಿಗೆ ನಗೆ ನಿಂತಿತ್ತು. "ಶಿವಪ್ಪನೋರು ಸುಳ್ಳು ಹೇಳಿಲ್ಲ. ನಾನ ಕೇಳಲಿಲ್ಲ" ಅಂತ ಒಂದು ಮಾತು ಸೇರಿಸಿ ಇಳಿದೆ.

ಶಿವಪ್ಪ ಕುರ್ಚಿ ಬಿಟ್ಟು ಎದ್ದ. ಜಗಳ ಆಗುತ್ತದೆ ಅಂತಲೇ ಎಲ್ಲರೂ ಅಂದುಕೊಂಡೆವು. ಆತ ವೇದಿಕೆಯ ಅಂಚಿಗೆ ಬಂದು, ಬೇವಿನ ಗಿಡದ ಕಡೆ ನೋಡಿ, "ಈರವ್ವಾ, ಅವತ್ತ ಆದದ್ದು ಆಗಿ ಹೋತು. ತಪ್ಪು ನಮ್ಮದು. ಮ್ಯಾಲ ಬಾರವ್ವ. ಈ ಕುರ್ಚಿ ನಿಂದು" ಅಂದ.

ಈರಮ್ಮ ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತು ಹಿಂದೆ ತಿರುಗಿದಳು. "ಅಣ್ಣಾ, ನೀ ಏನು ಗಿಡಕ್ಕ ಆನಿಸಿಕೊಂಡು ನಿಂತಿ? ಹೆಸರಿಟ್ಟಾಂವ ಕೆಳಗ, ನಾ ಒಬ್ಬಾಕಿ ಮ್ಯಾಲ ಹೋಗಿ ಕೂಡಲೇನು? ನಡಿ." ರಾಜಾಸಾಬ ಅಂಗಿಗೆ ಕೈ ಒರೆಸಿಕೊಳ್ಳುತ್ತ ಅವಳ ಹಿಂದೆ ಮೆಟ್ಟಿಲು ಹತ್ತಿದ. ಹುಸೇನಪ್ಪ ತನ್ನ ಕುರ್ಚಿ ಅವನಿಗೆ ಬಿಟ್ಟು, ಅವರಿಬ್ಬರ ಹಿಂದೆ ಹೋಗಿ ನಿಂತ. ಹಿಂದೆ ನಿಂತು ಕಾಯುವುದೇ ಅವನ ಆಟವಲ್ಲವೇ.

ಹೋದ ತಿಂಗಳು ಸಿದ್ದಾಪುರಕ್ಕೆ ಹೋಗಿದ್ದೆ. ರಾಜಾಸಾಬನಿಗೆ ಈಗ ಕಣ್ಣು ಮಂಜು, ಆದರೂ ಗ್ಯಾರೇಜಿಗೆ ಬಂದು ಕೂಡುತ್ತಾನೆ. ಗಾಳಿ ಹಾಕುವ ಮಷೀನಿನ ಮೇಲಿನ ಗೋಡೆಯಲ್ಲಿ ನನ್ನ ನಾಲ್ಕು ಸಾಲು ಅಂಟಿಸಿದ್ದಾನೆ. ಗೋಂದಿನಿಂದಲ್ಲ, ಟ್ಯೂಬಿನ ತೇಪೆಗೆ ಹಚ್ಚುವ ಸೊಲ್ಯೂಷನ್ನಿನಿಂದ. ಕಾಗದ ಹಳದಿಯಾಗಿದೆ, ಒಂದು ಅಂಚೂ ಎದ್ದಿಲ್ಲ. ನಾನು ಅದನ್ನೇ ನೋಡುತ್ತ ನಿಂತದ್ದು ಅವನಿಗೆ ಹೇಗೋ ಗೊತ್ತಾಯಿತು.

"ಏನ್ ನೋಡಾಕತ್ತೀರಿ ಸಾಹೇಬ್ರ?"

"ಏನಿಲ್ಲ ರಾಜಾಸಾಬ. ಇಷ್ಟು ವರ್ಷ ಬರದದ್ದೆಲ್ಲಾ ರದ್ದಿಗೆ ಹೋತು. ಗ್ವಾಡಿ ಮ್ಯಾಲ ಉಳದದ್ದು ಇದೊಂದ."

ಆತ ಕೈ ಎತ್ತಿ ಕಾಗದದ ಅಂಚನ್ನು ಬೆರಳಿನಿಂದ ಸವರಿ ನೋಡಿದ, ತೇಪೆ ಹಚ್ಚಿದ ಮೇಲೆ ಟ್ಯೂಬು ನೋಡುವ ಹಾಗೆ. "ಗಾಳಿ ನಿಂತೈತಿ ಬಿಡ್ರಿ" ಅಂದ.